ಎಣ್ಣೆ ಬೇರೆ, ಆಯಿಲ್ ಬೇರೆ

ಕಾರು ರಿಪೇರಿಯ ಕೆಲಸಕ್ಕೆ ಈಗ ಸೇರುವವರ ಕೈಗೆ ಮೊದಲ ವಾರವೇ ಒಂದು ಪಂಪು ಕೊಟ್ಟು, ಬೆನ್ನಿಗೊಂದು ಚೀಲ ಏರಿಸಿ, ಗಿರಾಕಿಯ ಮನೆಗೆ ಕಳಿಸಿಬಿಡುತ್ತಾರಂತೆ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಪಂಪಿನ ಮೇಲೆ ನನಗೆ ದ್ವೇಷವಿಲ್ಲ. ಕೊನೆಯ ವರ್ಷಗಳಲ್ಲಿ ನನ್ನ ಅನ್ನ ಹುಟ್ಟಿದ್ದೇ ಅದರಿಂದ. ಆದರೆ ಪಂಪು ಕೈಗೆ ಬಂದ ಕೂಡಲೇ ಕಣ್ಣು, ಮೂಗು, ಬುದ್ಧಿ ಮೂರನ್ನೂ ಕಂಪನಿಯ ಬೀರುವಿನಲ್ಲಿಟ್ಟು ಬರುವವರನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ. ನಾನು ಯಾವಾಗ ಸೂಪರ್‌ವೈಸರ್ ಆದೆ, ಬೀಳ್ಕೊಡುವಾಗ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡದ ಕಥೆ. ಬೇಕಾದ್ದನ್ನು ಹೇಳುತ್ತೇನೆ.

ಪಂಪು ಕಂಡಿಲ್ಲದವರಿಗಾಗಿ ಎರಡು ಮಾತು. ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಭಾಗಕ್ಕೆ ನಮ್ಮ ವರ್ಕ್‌ಶಾಪುಗಳಲ್ಲಿ ಚೇಂಬರ್ ಎನ್ನುತ್ತಾರೆ. ಅದರ ತಳದಲ್ಲಿ ಒಂದು ಬೋಲ್ಟು ಇರುತ್ತದೆ. ಹಿಂದೆ ಹಳೆಯ ಆಯಿಲ್ ತೆಗೆಯಬೇಕಾದರೆ ಕಾರಿನ ಕೆಳಗೆ ನುಗ್ಗಿ ಆ ಬೋಲ್ಟು ಬಿಚ್ಚಬೇಕಿತ್ತು. ಆಯಿಲ್ ತನ್ನ ಪಾಡಿಗೆ ತಾನು ಇಳಿದು, ಕೊನೆಗೆ ಹನಿ ಹನಿಯಾಗಿ ತೊಟ್ಟಿಕ್ಕಿ ನಿಲ್ಲುವವರೆಗೆ ಕಾಯಬೇಕಿತ್ತು. ಪಂಪಿನವನಿಗೆ ಈ ರಗಳೆ ಇಲ್ಲ. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಅದೇ ತೂತಿನಲ್ಲಿ ಸಪೂರ ಪೈಪು ಇಳಿಸಿ, ಡಬ್ಬಿಯ ಮೇಲಿನ ಹಿಡಿಯನ್ನು ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಎಳೆದು ಒತ್ತಿದರೆ ಬಿಸಿ ಆಯಿಲ್ ಪೈಪಿನಲ್ಲಿ ಏರಿ ಬಂದು ಡಬ್ಬಿಗೆ ಬೀಳುತ್ತದೆ. ಅಂಗಿಗೆ ಕಲೆಯಿಲ್ಲ, ಅಂಗಳಕ್ಕೂ ಕಲೆಯಿಲ್ಲ. ಅನುಕೂಲ ಹೌದು, ನಾನು ಇಲ್ಲವೆನ್ನುವುದಿಲ್ಲ.

ನಾನು ಕೆಲಸ ಕಲಿತದ್ದು ಮದ್ರಾಸಿನ ರಾಯಪುರಂನಲ್ಲಿ, ಬಂದರಿನ ಲಾರಿಗಳು ಬಂದು ನಿಲ್ಲುತ್ತಿದ್ದ ಒಂದು ಶೆಡ್ಡಿನಲ್ಲಿ. ಅಲ್ಲಿ ನೆಲ ಅಗೆದು ಮಾಡಿದ ಹೊಂಡವೊಂದಿತ್ತು. ಗಾಡಿ ಅದರ ಮೇಲೆ ನಿಲ್ಲುತ್ತಿತ್ತು, ನಾವು ಕೆಳಗೆ ಇಳಿಯುತ್ತಿದ್ದೆವು. ಅಲ್ಲಿನ ಮೇಸ್ತ್ರಿ ತಮಿಳಿನವನು, ಬಾಯಿ ತೆರೆದರೆ ಬೈಗುಳ. ಯಾವ ಗಾಡಿ ಬಂದರೂ, ಅದು ಹಾರ್ನ್ ಕೆಟ್ಟ ಗಾಡಿಯೇ ಆಗಿರಲಿ, ಅವನ ಮೊದಲ ಮಾತು ಒಂದೇ: "ಮೊದಲ್ಲ ಕೀಳ ಎರಂಗಿ ಪಾರುಡಾ." ಮೊದಲು ಕೆಳಗಿಳಿದು ನೋಡು. ಹಾರ್ನಿಗೂ ಹೊಂಡಕ್ಕೂ ಏನು ಸಂಬಂಧ ಎಂದು ಒಮ್ಮೆ ಕೇಳಿ ಬೆನ್ನಿಗೆ ಗುದ್ದು ತಿಂದಿದ್ದೆ. ಆದರೆ ಆಯಿಲ್ ತೊಟ್ಟಿಕ್ಕುವಾಗ ಹೊಂಡದಲ್ಲಿ ನಿಂತವನಿಗೆ ಮಾಡಲು ಬೇರೇನು ಕೆಲಸ? ತಲೆ ಎತ್ತಿ ನೋಡುತ್ತಲೇ ಇರಬೇಕು. ಎಲ್ಲಿ ಒದ್ದೆ, ಎಲ್ಲಿ ತುಕ್ಕು, ಯಾವ ರಬ್ಬರು ಬಿರುಕು ಬಿಟ್ಟಿದೆ ಎಲ್ಲ ಕಣ್ಣಿಗೆ ಬೀಳುತ್ತದೆ. ಗಾಡಿಯ ಅರ್ಧ ಕಾಯಿಲೆಗಳನ್ನು ನಾವು ಹಿಡಿದದ್ದು ಹಾಗೆ ಕಾಯುತ್ತ ನಿಂತ ಹೊತ್ತಿನಲ್ಲೇ.

ನಮ್ಮದು ಉಡುಪಿ ಕಡೆಯಿಂದ ಬಂದು ಮದ್ರಾಸಿನಲ್ಲಿ ದೋಸೆ ಕಾವಲಿಯ ಮುಂದೆ ಬೆವರು ಸುರಿಸಿದ ಕುಟುಂಬ. ಅಪ್ಪ ಅಡುಗೆಯವರು, ದೊಡ್ಡಪ್ಪ ಗಲ್ಲೆಯಲ್ಲಿ, ಚಿಕ್ಕಪ್ಪ ಸಪ್ಲೈಯಲ್ಲಿ. ಅವರೆಲ್ಲರ ನಡುವೆ ಉಗುರಿನ ಸಂದಿಯಲ್ಲಿ ಕರಿ ಹಿಡಿದವನು ನಾನೊಬ್ಬನೇ. ಸೀಮೆಎಣ್ಣೆ ಹಚ್ಚಿ, ಮರದ ಹುಡಿಯಲ್ಲಿ ಉಜ್ಜಿ, ಸೋಪು ಹಾಕಿ ತೊಳೆದು ಬಂದರೂ ಮದುವೆಮನೆಗಳಲ್ಲಿ ಬಡಿಸಲು ನಿಂತರೆ ಯಾರಾದರೂ ಹಿರಿಯರು, "ವಾಸು, ನೀನು ಕೂತ್ಕೋ ಮಾರಾಯ, ಬಡಿಸುವವರು ಬೇರೆ ಇದ್ದಾರೆ" ಎಂದು ನಯವಾಗಿ ಬಕೆಟ್ಟು ಕಸಿದುಕೊಳ್ಳುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹೇಳುವವರೇ ಕೈ ಕರಿಯಾದವನನ್ನು ಪಂಕ್ತಿಯ ತುದಿಗೆ ಕೂರಿಸುತ್ತಾರೆ.

ಇನ್ನೊಂದು ಮಾತು, ಮುಂದಿನದು ಅರ್ಥವಾಗಲು ಬೇಕು. ವರ್ಕ್‌ಶಾಪಿನಲ್ಲಿ ನಾವು ಯಾರೂ ಇಂಜಿನ್ನಿಗೆ ಹಾಕುವುದನ್ನು ಎಣ್ಣೆ ಎನ್ನುವುದಿಲ್ಲ. ಅದು ಆಯಿಲ್. ಎಣ್ಣೆ ಎಂದರೆ ತಲೆಗೆ ಹಚ್ಚುವುದು, ಒಗ್ಗರಣೆಗೆ ಹಾಕುವುದು, ಕೆಲವರಿಗೆ ಸಂಜೆ ಕುಡಿಯುವುದು. ನಮ್ಮ ಮನೆಯವರಿಗೆ ಮಾತ್ರ ಎಲ್ಲವೂ ಎಣ್ಣೆಯೇ. ಅಮ್ಮ ಕೊನೆಯವರೆಗೂ ನನ್ನನ್ನು ಕೇಳುತ್ತಿದ್ದದ್ದು, "ಇವತ್ತು ಎಷ್ಟು ಕಾರಿಗೆ ಎಣ್ಣೆ ಹಾಕಿದೆ?" ಎಂದೇ. ನಾನು ತಿದ್ದಿ ತಿದ್ದಿ ಸೋತು ಬಿಟ್ಟುಬಿಟ್ಟಿದ್ದೆ.

ಪಂಪು ಬಂದದ್ದು ನಾನು ಅಣ್ಣಾ ನಗರ್‌ನ ಒಂದು ಕಂಪನಿಗೆ ಸೇರಿದ ಮೇಲೆ. ಮನೆ ಬಾಗಿಲಿಗೇ ಬಂದು ಕಾರು ಸರ್ವಿಸ್ ಮಾಡುವ ಕಂಪನಿ ಅದು. ಅಲ್ಲಿನ ಅಪಾರ್ಟ್‌ಮೆಂಟುಗಳ ಸಂಘದವರು ಜಾಕ್ ಕಂಡರೆ ಹಾವು ಕಂಡ ಹಾಗೆ ಹಾರುತ್ತಿದ್ದರು. ನೆಲಕ್ಕೆ ಕಲೆಯಾಗುತ್ತದೆ, ಕಾರಿನ ಕೆಳಗೆ ಮಲಗಿದವನ ಕಾಲು ದಾರಿಗೆ ಅಡ್ಡ ಬರುತ್ತದೆ, ಲಿಫ್ಟಿಗೆ ಹೋಗುವವರಿಗೆ ನೋಡಲು ಅಸಹ್ಯ. ಹೌದು, ಈ ಮಾತನ್ನು ನನ್ನ ಎದುರಿಗೇ ಹೇಳಿದ್ದರು. ಕಾರು ಸರಿಯಾಗಬೇಕು, ಸರಿಮಾಡುವವನ ಕಾಲು ಮಾತ್ರ ಕಾಣಬಾರದು! ಅಂಥವರಿಗೆ ಪಂಪು ವರವಾಯಿತು. ಇಸ್ತ್ರಿ ಹಾಕಿದ ಅಂಗಿ, ಕೈಗವಸು, ಬಾನೆಟ್ ಮೇಲೊಂದು ಶುಭ್ರ ಬಟ್ಟೆ. ಆಪರೇಷನ್ ಮಾಡಲು ಬಂದ ಡಾಕ್ಟರೇ ಸೈ.

ನಾನು ಪಂಪು ಹಿಡಿದೂ ಕೆಳಗೆ ನೋಡುವುದನ್ನು ಬಿಡಲಿಲ್ಲ. ಒಂದು ಗೋಣಿಚೀಲ ಹಾಸಿ, ಟಾರ್ಚು ಹಿಡಿದು, ಬೆನ್ನ ಮೇಲೆ ಮಲಗಿ ಒಂದು ಸಲ ಒಳಗೆ ಹೋಗಿ ಬರುತ್ತಿದ್ದೆ. ಕಂಪನಿಯ ಮ್ಯಾನೇಜರನಿಗೆ ಇದೇ ತಲೆನೋವು. ಅವನು ನಮ್ಮವನೇ, ಅವನ ಅಜ್ಜನ ಕಾಲಕ್ಕೇ ಊರು ಬಿಟ್ಟವರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ನಾನು ಕನ್ನಡದಲ್ಲಿ ಬೈದರೆ ಅವನು ತಮಿಳಿನಲ್ಲಿ ಸಮಾಧಾನ ಹೇಳುತ್ತಿದ್ದ. ಒಮ್ಮೆ ಒಬ್ಬ ಗಿರಾಕಿಯ ಕಾರಿನ ಕೆಳಗೆ ಮಲಗಿದಾಗ ಹಿಂದಿನ ಚಕ್ರದ ಬ್ರೇಕ್ ಪೈಪು ಒದ್ದೆಯಾಗಿದ್ದದ್ದು ಕಂಡಿತು. ಬೆರಳು ತಾಗಿಸಿ ನೋಡಿದರೆ ಬ್ರೇಕಿನ ಆಯಿಲ್ಲೇ. ಆ ಮನೆಯ ಹೆಂಗಸು ದಿನವೂ ಅದೇ ಕಾರಿನಲ್ಲಿ ಅಕ್ಕಪಕ್ಕದ ಮಕ್ಕಳನ್ನೂ ತುಂಬಿಕೊಂಡು ಶಾಲೆಗೆ ಬಿಡುತ್ತಿದ್ದರು. ಕಾರು ಅಲ್ಲಾಡಿಸಬೇಡಿ ಎಂದು ಹೇಳಿ, ಪೈಪು ತರಿಸಿ, ಹಾಕಿಯೇ ಎದ್ದೆ. ಅದರಿಂದ ಆ ದಿನದ ಉಳಿದ ಮನೆಗಳಿಗೆ ಹೋಗಲಾಗಲಿಲ್ಲ.

ಮರುದಿನ ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇದು: "ಸರ್, ಆಯಿಲ್ ಚೇಂಜುಕ್ಕು ಪೋಯಿಟ್ಟು ಎದುಕ್ಕು ಸರ್ ಕೀಳ ಪಡುಕ್ಕುರೀಂಗ? ಕಸ್ಟಮರ್ ಕೇಕ್ಕಲಯೇ!" ಆಯಿಲ್ ಬದಲಿಸಲು ಹೋದವನು ಕೆಳಗೆ ಯಾಕೆ ಮಲಗಬೇಕು, ಗಿರಾಕಿ ಕೇಳಲಿಲ್ಲವಲ್ಲ ಎಂದು.

"ಮಕ್ಕಳು ಕೂರುವ ಗಾಡಿ ಅದು. ಬ್ರೇಕ್ ಹೋಗಿದ್ರೆ ನೀನು ಹೋಗಿ ಅಡ್ಡ ನಿಲ್ತಿದ್ಯಾ?" ಎಂದೆ.

"ಟೈಮ್ ಸರ್, ಟೈಮ್," ಎಂದು ಅವನು ಗಡಿಯಾರ ತೋರಿಸಿದ. ಇವತ್ತು ನೆನೆದರೂ ನನಗೆ ಆ ಗಡಿಯಾರ ಕಿತ್ತು ಬಿಸಾಡಬೇಕು ಎನಿಸುತ್ತದೆ. ಆ ಕಾರಿನ ಮನೆಯವರು ಮುಂದಿನ ಸಲ ನನ್ನನ್ನೇ ಕಳಿಸಿ ಎಂದು ಕೇಳಿದರಂತೆ. ಅವನು ಅದನ್ನು ನನಗೆ ತಿಳಿಸಲಿಲ್ಲ, ಬೇರೆಯವರ ಬಾಯಿಂದ ತಿಳಿಯಿತು.

ಇನ್ನು ಸ್ವಂತಕ್ಕೆ ಪಂಪು ಕೊಂಡು ಮನೆಯಲ್ಲೇ ಮಾಡಿಕೊಳ್ಳುವ ಶೂರರು. ಮಾಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಒಬ್ಬ ಮಹಾಶಯ ಇಂಜಿನ್ ಬಿಸಿ ಮಾಡದೆಯೇ ಪೈಪು ಇಳಿಸಿದ್ದ. ತಣ್ಣಗಿನ ಆಯಿಲ್ ದಪ್ಪ, ಏರುವುದಿಲ್ಲ. ಪೈಪೂ ಒಳಗೆ ಡೊಂಕಾಗಿ ನಿಂತಿತ್ತೋ ಏನೋ, ಅರ್ಧ ಬಂದು ನಿಂತಿದೆ. ಎಲ್ಲ ಬಂತು ಎಂದುಕೊಂಡು ಇವನು ಹೊಸ ಡಬ್ಬಿ ಪೂರ್ತಿ ಸುರಿದ. ಕಾರು ಹೊಗೆ ಕಾರಿದ ಮೇಲೆ ನಮ್ಮ ಕಂಪನಿಗೆ ಫೋನ್ ಮಾಡಿ, ಹಿಂದಿನ ಸರ್ವಿಸ್ ಮಾಡಿದವರೇ ಹಾಳುಮಾಡಿದ್ದು ಎಂದು ಕೂಗಾಡಿದ. ಹಿಂದೆ ಮಾಡಿದವನು ನಾನು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೋಗಿ, ಕಡ್ಡಿ ಎಳೆದು ಅವನ ಮೂಗಿನ ಎದುರು ಹಿಡಿದೆ. ಆಯಿಲ್ ಗುರುತಿನ ಮೇಲಕ್ಕೆ ಎಷ್ಟೋ ಏರಿತ್ತು. "ಓ" ಎಂದ, ಅಷ್ಟೇ. ನಮ್ಮವರಲ್ಲಿ ತಪ್ಪಾಯಿತು ಎಂಬ ಮಾತು ಗಂಟಲಿನ ಬೋಲ್ಟು ಬಿಗಿಯಾಗಿ ಕೂತ ಹಾಗೆ ಹೊರಬರುವುದೇ ಇಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಿವೃತ್ತನಾದ ಮೇಲೆ ನಡೆದ ಒಂದು ಸಂಗತಿ ಹೇಳಲಿಕ್ಕೆ. ಕೆಲಸ ಬಿಟ್ಟ ಮೇಲೆ ನನ್ನದೇ ಒಂದು ಪಂಪು ಇಟ್ಟುಕೊಂಡು ಗುರುತಿನವರ ಕಾರುಗಳಿಗೆ ಮಾತ್ರ ಆಯಿಲ್ ಬದಲಿಸಿಕೊಡುತ್ತಿದ್ದೆ. ಅವುಗಳಲ್ಲಿ ಭಾವನ ಕಾರೂ ಒಂದು. ಭಾವ ಎಂದರೆ ನನ್ನ ಅಕ್ಕ ಸರಸ್ವತಿಯ ಗಂಡ ಅನಂತಯ್ಯನವರು. ಎಗ್ಮೋರ್ ಸ್ಟೇಷನ್ನಿನ ಹತ್ತಿರ ಅವರದೊಂದು ಸಸ್ಯಾಹಾರಿ ಹೋಟೆಲು. ಸಂಜೆಯ ಬೋಂಡಕ್ಕೆ ಹೆಸರಾದದ್ದು. ರೈಲಿಗೆ ಹೋಗುವವರು, ಆಫೀಸು ಬಿಟ್ಟವರು ಬಾಗಿಲಲ್ಲಿ ಕಾದು ನಿಂತಿರುತ್ತಾರೆ.

ಅವರ ಮನೆಯ ಎದುರು ನಾನು ಪಂಪು ಹಾಕಿದಾಗ ಭಾವ ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದರು. ಕಪ್ಪು ಆಯಿಲ್ ಪೈಪಿನಲ್ಲಿ ಏರುವುದನ್ನು ಕಂಡು ಅವರಿಗೆ ಮಕ್ಕಳಂಥ ಸಂತೋಷ.

"ಎಂತ ಮಾರಾಯ, ಪಾಯಸ ಎಳೆದ ಹಾಗೆ ಎಳೀತದಲ್ಲ! ಬಿಸಿ ಇದ್ರೆ ಪೈಪು ಕರಗುದಿಲ್ವಾ?"

"ಇಲ್ಲ ಭಾವ. ಬಿಸಿ ಇರುವಾಗಲೇ ತೆಗೀಬೇಕು. ಅದಕ್ಕೇ ಮಾಡಿದ ಪೈಪು ಇದು."

"ಹೌದಾ?" ಎಂದು ಅವರು ತಾವೂ ಒಮ್ಮೆ ಹಿಡಿ ಎಳೆದು ಒತ್ತಿ ನೋಡಿದರು.

ಕೆಲವು ದಿನಗಳ ನಂತರ ಅವರಿಂದ ಫೋನ್ ಬಂತು. "ವಾಸು, ಸ್ವಲ್ಪ ಎಣ್ಣೆ ತೆಗೀಲಿಕ್ಕುಂಟು. ನಿನ್ನ ಪಂಪು ಎರಡು ದಿನಕ್ಕೆ ಕೊಡು. ಡ್ರೈವರನ್ನ ಕಳಿಸ್ತೇನೆ."

ನಾನು ಹೋಟೆಲಿನ ಸಾಮಾನು ತರುವ ವ್ಯಾನಿಗೆ ಎಂದುಕೊಂಡೆ. ಮನೆಯವರು ಆಯಿಲ್ಲಿಗೆ ಎಣ್ಣೆ ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದವನಿಗೆ ಬೇರೆ ಏನು ಹೊಳೆಯಬೇಕು? ಫಿಲ್ಟರ್ ಬದಲಿಸಲು ಮರೆಯಬೇಡಿ ಎಂದು ಫೋನಿನಲ್ಲೇ ಹೇಳಿದೆ. ಫಿಲ್ಟರ್ ಎಂದಾಗ ಆ ಕಡೆಯಿಂದ, "ಜಾಲರಿ ಉಂಟು, ಸೋಸ್ತೇವೆ" ಎಂದರು. ಭಾವನ ತಮಾಷೆ ಎಂದು ನಕ್ಕು ಫೋನ್ ಇಟ್ಟೆ, ಡ್ರೈವರ್ ಬಂದಾಗ ಪಂಪು ಕೊಟ್ಟು ಕಳಿಸಿದೆ.

ಎರಡು ದಿನ ಕಳೆದರೂ ಪಂಪು ವಾಪಸು ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಗಲಾಟೆ ಮುಗಿದ ಹೊತ್ತಿಗೆ ನಾನೇ ಎಗ್ಮೋರಿಗೆ ಹೋದೆ. ಹಿಂದಿನ ಓಣಿಯಲ್ಲಿ ವ್ಯಾನು ನಿಂತಿತ್ತು. ಬಗ್ಗಿ ಕಡ್ಡಿ ಎಳೆದು ನೋಡಿದರೆ ಆಯಿಲ್ ಹಳೆಯದೇ, ಟಾರಿನಂತೆ ಕಪ್ಪು. ಎಷ್ಟು ಸೋಮಾರಿಗಳಪ್ಪ, ಇನ್ನೂ ತೆಗೆದೇ ಇಲ್ಲ ಎಂದು ಗೊಣಗುತ್ತ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋದೆ.

ಒಳಗೆ ಬೋಂಡದ ದೊಡ್ಡ ಬಾಣಲೆಯಲ್ಲಿ ನನ್ನ ಪಂಪಿನ ಪೈಪು ಇಳಿದಿತ್ತು. ಬೋಂಡ ಮಾಡುವ ಸುಬ್ರಾಯ ಹಿಡಿ ಎಳೆದು ಒತ್ತುತ್ತಿದ್ದ. ಮಧ್ಯಾಹ್ನದ ವಡೆ ಕರಿದು ಉಳಿದ ಎಣ್ಣೆ ಪೈಪಿನಲ್ಲಿ ಏರಿ, ಎಷ್ಟೋ ಕಾರುಗಳ ಕಪ್ಪು ಆಯಿಲ್ ಕುಡಿದಿದ್ದ ಡಬ್ಬಿಗೆ ಬೀಳುತ್ತಿತ್ತು. ಪಕ್ಕದಲ್ಲಿ ತಗಡಿನ ಟಿನ್ನು, ಅದರ ಬಾಯಿಗೆ ಜಾಲರಿ. ಡಬ್ಬಿಯಿಂದ ಟಿನ್ನಿಗೆ, ಬಾಣಲೆ ಉಜ್ಜಿದ ಮೇಲೆ ಟಿನ್ನಿನಿಂದ ಮತ್ತೆ ಬಾಣಲೆಗೆ.

"ನಿಲ್ಸು!" ಎಂದು ಕೂಗಿದ್ದಕ್ಕೆ ಹಿಟ್ಟು ಕಲಸುತ್ತಿದ್ದವರೂ ಕೈ ನಿಲ್ಲಿಸಿದರು. ಗಲ್ಲೆಯಿಂದ ಭಾವ ಓಡಿ ಬಂದರು.

"ಎಂತ ಮಾರಾಯ, ಚುಮ್ಮಾ ಎಂತಕ್ಕೆ ಬೊಬ್ಬೆ ಹಾಕ್ತೀಯ? ಗಿರಾಕಿಗಳಿದ್ದಾರೆ."

"ಭಾವ, ಇದು ಕಾರಿನ ಪಂಪು!"

"ಗೊತ್ತುಂಟು. ಬಿಸಿನೀರು, ಸೋಪು ಹಾಕಿ ತೊಳೆಸಿದ್ದೇನೆ. ಎಣ್ಣೆಗೇ ಮಾಡಿದ್ದಲ್ವಾ? ಬಿಸಿಗೇ ಮಾಡಿದ್ದು ಅಂತ ನೀನೇ ಹೇಳಿದ್ದು."

"ಅದು ಆಯಿಲ್! ಇದು ಎಣ್ಣೆ!"

"ಎರಡೂ ಒಂದೇ ಅಲ್ವಾ, ಹೆಸರು ಮಾತ್ರ ಇಂಗ್ಲಿಷು," ಎಂದರು ನಮ್ಮ ಭಾವ. ದಿನಾ ನೂರಾರು ಜನರಿಗೆ ಅಡುಗೆ ಮಾಡಿ ಹಾಕುವ ಮನೆತನದವರ ಬಾಯಿಂದ ಬಂದ ಮಾತು ಇದು. ನನ್ನ ಉಗುರಿನ ಕರಿಗೆ ಹೆದರಿ ಬಡಿಸುವ ಬಕೆಟ್ಟು ಕಸಿದುಕೊಳ್ಳುತ್ತಿದ್ದವರಲ್ಲಿ ಇವರೂ ಒಬ್ಬರು!

ಪೈಪನ್ನು ಕಿತ್ತು, ಅದರ ತುದಿಯೊಳಗೆ ಬಿಳಿ ಕಾಗದ ಸುರುಳಿ ಮಾಡಿ ತೂರಿಸಿ ಹೊರಗೆಳೆದೆ. ಕಾಗದ ಕಪ್ಪಾಗಿ ಬಂತು. ಮೂಸಿ ನೋಡಿ ಎಂದು ಹಿಡಿದೆ. ಭಾವ ಮುಖ ಹಿಂದಕ್ಕೆ ತೆಗೆದುಕೊಂಡರು, ಆದರೂ ಬಾಯಿ ಸೋಲಲಿಲ್ಲ. "ನಿನ್ನೆಯೂ ಮೊನ್ನೆಯೂ ಹೀಗೇ ಮಾಡಿದ್ದು. ಯಾರಿಗೆ ಎಂತ ಆಯ್ತು? ಯಾರಾದ್ರೂ ಬಂದು ಹೇಳಿದ್ರಾ?"

ಎರಡು ಸಂಜೆ! ಕೈಯಲ್ಲಿ ಮಗು ಹಿಡಿದು ರೈಲಿಗೆ ಹೊರಟವರು, ಕಾಲೇಜಿನವರು, ಪೆನ್ಷನ್ ತೆಗೆದುಕೊಂಡು ಬಂದ ಮುದುಕರು ಅದನ್ನು ತಿಂದು ಚಟ್ನಿ ಇನ್ನಷ್ಟು ಹಾಕಿಸಿಕೊಂಡು ಹೋಗಿದ್ದರು. ಪಾತ್ರೆ ತೊಳೆಯುವ ಜಾಗದಲ್ಲಿ ಸೋಪಿನ ಪುಡಿಯ ಚೀಲ ಇತ್ತು. ಎತ್ತಿ ತಂದು ಪೂರ್ತಿ ಟಿನ್ನಿಗೆ ಸುರಿದೆ. ಇನ್ನು ಅದನ್ನು ಯಾವ ಜಾಲರಿಯಲ್ಲಿ ಸೋಸುತ್ತಾರೋ ಸೋಸಲಿ ಎಂದು ಪಂಪನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಭಾವ ಹಿಂದಿನಿಂದ ತಮಿಳಿನಲ್ಲೂ ಕನ್ನಡದಲ್ಲೂ ಬೈಯುತ್ತಿದ್ದರು. ನೇರ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕ ಕೇಳಿ, ಬಾಯಿಗೆ ಸೆರಗು ಹಿಡಿದು ಕೂತುಬಿಟ್ಟಳು.

ಅಂದು ರಾತ್ರಿ ಅಕ್ಕ ಗಂಡನನ್ನು ಕೇಳಿದಳು. ಅವರು ಕೊಟ್ಟ ಉತ್ತರವನ್ನು ಮರುದಿನ ಬೆಳಿಗ್ಗೆ ಫೋನ್ ಮಾಡಿ ನನಗೆ ಹೇಳಿದಳು. ಪಂಪು ಕಾರಿಗೆಂದೇ ತರಿಸಿದ್ದಂತೆ, ಸುಬ್ರಾಯ ಯಾರನ್ನೂ ಕೇಳದೆ ಅಡುಗೆಮನೆಗೆ ತಗೊಂಡನಂತೆ, ಅದಕ್ಕೆ ಅವನನ್ನು ಕೆಲಸದಿಂದ ತೆಗೆದಾಯಿತಂತೆ. "ಹಾಗಂತ ಹೇಳಿದ್ರು ವಾಸು. ನಿಜವಾ?" ಎಂದು ಕೇಳಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸುಬ್ರಾಯ ಅಲ್ಲಿ ಬೋಂಡ ಬಿಡಲು ಶುರುಮಾಡಿದಾಗ ಅವನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ, ಈಗ ಒಂದೂ ಕಪ್ಪಿಲ್ಲ. ಅಕ್ಕನಿಗೆ, "ನಿಜ ಏನು ಅಂತ ಅವನ ಬಾಯಿಂದಲೇ ಕೇಳು, ಕರ್ಕೊಂಡು ಬರ್ತೇನೆ" ಎಂದೆ. ಮಧ್ಯಾಹ್ನ ಹೋಟೆಲಿನ ಹಿಂದಿನ ಓಣಿಯಲ್ಲಿ ಕೆಲಸದವರು ಮಲಗುವ ಕೋಣೆಗೆ ಹೋದಾಗ ಸುಬ್ರಾಯ ಬಟ್ಟೆ ಚೀಲಕ್ಕೆ ತುಂಬುತ್ತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ ಕುಂಟಿದ. ಆಗ ನೋಡಿದೆ, ಎಡಗಾಲಿನ ಪಾದಕ್ಕೆ ಬಟ್ಟೆ ಸುತ್ತಿತ್ತು.

"ಇದೆಂತ?"

"ಬಾಣಲೆ ಇಳಿಸುವಾಗ ಎಣ್ಣೆ ಚೆಲ್ಲಿತು. ಹೋದ ತಿಂಗಳು. ಮಸಿಬಟ್ಟೆ ಜಾರಿತು."

"ಬಿಸಿ ಇರುವಾಗ್ಲೇ ಇಳಿಸುದಾ?"

"ಮತ್ತೆ? ಮಧ್ಯಾಹ್ನದ ಊಟಕ್ಕೂ ವಡೆ ಬಿಡ್ಬೇಕು, ಸಂಜೆ ಬೋಂಡ ಬಿಡ್ಬೇಕು. ನಡುವಲ್ಲಿ ಎಣ್ಣೆ ತೆಗ್ದು, ಬಾಣಲೆ ಉಜ್ಜಿ, ಸೋಸಿ ಹಾಕ್ಬೇಕು. ಹಾಗೆ ಧಣಿಗಳು ಆ ಪಂಪು ತಂದ್ರು. ಇನ್ನು ನೀನು ಹೊರುದು ಬೇಡ ಸುಬ್ರಾಯ ಅಂದ್ರು." ಬಟ್ಟೆ ಮಡಚುತ್ತ ಅವನು ನನ್ನ ಮುಖ ನೋಡದೆಯೇ ಹೇಳಿದ: "ನೀವು ಎಣ್ಣೆ ಹಾಳಾಯ್ತು ಅಂತ ಅಷ್ಟು ಸಿಟ್ಟು ಮಾಡಿದ್ರಿ ವಾಸಣ್ಣ. ನೀವು ಮಾಡಿದ್ದು ಸರಿ. ನನ್ನ ಕಾಲು ಹಾಳಾದಾಗ ಯಾರೂ ಇಷ್ಟು ಬೊಬ್ಬೆ ಹಾಕ್ಲಿಲ್ಲ."

ಕಾರಿನ ಕೆಳಗೆ ಮಲಗುವವನಿಗೆ ತೊಂದರೆಯಾಗದಿರಲಿ ಎಂದು ಪಂಪು ಮಾಡಿದ್ದಾರೆ, ಸರಿ. ಕುದಿಯುವ ಎಣ್ಣೆ ಹೊರುವವನಿಗೆ ಒಂದು ಒದ್ದೆ ಮಸಿಬಟ್ಟೆ. ಕೊನೆಗೆ ಪಂಪು ತಂದುಕೊಟ್ಟರೂ ಕಾರಿನ ಎಂಜಲು ಪಂಪು. ಅದೂ ಸಿಕ್ಕಿಬಿದ್ದ ಕೂಡಲೇ ತಪ್ಪು ಅವನ ತಲೆಗೆ. ಅಕ್ಕನ ಮನೆಗೆ ಬಾ ಎಂದರೆ ಅವನು ಒಪ್ಪಲಿಲ್ಲ. "ಸರಸ್ವತಿ ಅಮ್ಮನ ಎದುರು ಧಣಿಗಳ ಮೇಲೆ ದೂರು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದ. ಅಷ್ಟು ಅನ್ಯಾಯ ಮಾಡಿಸಿಕೊಂಡೂ ಉಪ್ಪಿನ ಋಣ! ಅವನ ಮೇಲೂ ನನಗೆ ರೇಗಿತು. ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿ, "ಅವನು ಬರುದಿಲ್ಲ, ನೀನೇ ಬಾ" ಎಂದೆ.

ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕ ಅದೇ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿದವಳು. ಹೋಟೆಲು ದೊಡ್ಡದಾದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ಆಟೋದಿಂದ ಇಳಿದವಳೇ ನನ್ನನ್ನೂ ಸುಬ್ರಾಯನನ್ನೂ ಮುಂದೆ ಹಾಕಿಕೊಂಡು ಹಿಂಬಾಗಿಲಿನಿಂದ ನಡೆದಳು. ಮಧ್ಯಾಹ್ನದ ವಡೆ ಬಿಟ್ಟು ಆಗಷ್ಟೇ ಮುಗಿದಿತ್ತು. ಸುಬ್ರಾಯನ ಜಾಗದಲ್ಲಿ ದೋಸೆ ಹಾಕುವವನನ್ನು ನಿಲ್ಲಿಸಿದ್ದರು. ಹೊಸ ಎಣ್ಣೆಯ ಬಾಣಲೆ ಸಣ್ಣ ಉರಿಯ ಮೇಲೆ ಇನ್ನೂ ಹೊಗೆಯಾಡುತ್ತಿತ್ತು. ಹೆಂಡತಿಯನ್ನು ಅಲ್ಲಿ ಕಂಡು ಭಾವನ ಮುಖ ಬಿಳಿಚಿಕೊಂಡಿತು.

ಅಕ್ಕ ಜಗಳ ಮಾಡಲಿಲ್ಲ. ಸುಬ್ರಾಯನ ಕಾಲಿನ ಬಟ್ಟೆ ಬಿಚ್ಚಿಸಿ ನೋಡಿದಳು. ಮತ್ತೆ ಗಂಡನ ಕಡೆ ತಿರುಗಿ ಕೇಳಿದಳು: "ಈ ಬಾಣಲೆ ಈಗ ಯಾರು ಇಳಿಸುದು?"

"ಅವನುಂಟಲ್ಲ, ದೋಸೆಯವ."

"ಅವ ಬೇಡ. ನೀವೇ ಇಳಿಸಿ."

"ಸರಸು, ಎಂತ ಇದು, ಎಲ್ಲರ ಎದುರು..."

"ಎಲ್ಲರ ಎದುರೇ ಇಳಿಸಿ. ದಿನಾ ಒಬ್ಬ ಇಳಿಸ್ತಾನೆ, ನಿಮ್ಮಿಂದ ಒಂದಿನ ಆಗುದಿಲ್ವಾ?"

ಭಾವ ಸಿಟ್ಟಿನಿಂದಲೇ ಮಸಿಬಟ್ಟೆ ಕೈಗೆ ಸುತ್ತಿಕೊಂಡು ಬಾಣಲೆಯ ಎರಡು ಕಿವಿ ಹಿಡಿದರು. ಅಂಗುಲದಷ್ಟು ಎತ್ತಿದರೋ ಇಲ್ಲವೋ, ಎಣ್ಣೆ ಒಂದು ಬದಿಗೆ ವಾಲಿ ಅಂಚಿನವರೆಗೆ ಬಂತು. ಅವರ ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಬಾಣಲೆ ಒಲೆಯ ಮೇಲೆ ದಡ್ಡನೆ ಕೂತಿತು, ನಾಲ್ಕು ಹನಿ ಕಟ್ಟೆಯ ಮೇಲೆ ಸಿಡಿದವು. ಹೊರಗೆ ಸಂಜೆಯ ಬೋಂಡಕ್ಕೆ ಹೊತ್ತಿಗೆ ಮೊದಲೇ ಜನ ಸೇರಲು ಶುರುವಾಗಿತ್ತು, ಸಪ್ಲೈಯರ್ ಬಾಗಿಲಲ್ಲಿ ತಲೆ ಹಾಕಿ, "ರೆಡಿಯಾ?" ಎಂದು ಕೇಳಿ ಮುಖಗಳನ್ನು ನೋಡಿ ಹಿಂದೆ ಸರಿದ.

ಭಾವ ಹಣೆ ಒರೆಸಿಕೊಂಡು ಮೆಲ್ಲಗೆ, "ಸುಬ್ರಾಯ, ಪಂಪು ನಾನೇ ತಂದದ್ದು. ಬಾ, ಆ ಬದಿ ನೀನು ಹಿಡಿ, ಇಬ್ಬರೂ ಸೇರಿ ಇಳಿಸುವ" ಎಂದರು.

ಸುಬ್ರಾಯ ಕುಂಟುತ್ತ ಹೋದ. ಬಾಣಲೆ ಮುಟ್ಟಲಿಲ್ಲ. ಬಗ್ಗಿ ಒಲೆಯ ಗ್ಯಾಸ್ ತಿರುಗಿಸಿ ಪೂರ್ತಿ ಆರಿಸಿದ.

"ಅದು ತಣಿಯಲಿ ಧಣಿಗಳೇ," ಎಂದ. "ತಣಿದ ಮೇಲೆ ಮಕ್ಕಳೂ ಇಳಿಸ್ತಾರೆ. ಪಂಪು ಬೇಡ ನಂಗೆ. ತಣಿಲಿಕ್ಕೆ ಸ್ವಲ್ಪ ಹೊತ್ತು ಕೊಡಿ ಅಂತ ಇಷ್ಟು ವರ್ಷ ಕೇಳಿದ್ದು ಅಷ್ಟೇ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ಬಾಗಿಲ ಬಳಿಯ ಕಪ್ಪು ಹಲಗೆಯಲ್ಲಿ ಸಂಜೆಯ ತಿಂಡಿಗಳ ಸಾಲಿಗೆ ಬರೆದಿದ್ದ ‘ಬೋಂಡ’ ಎಂಬುದನ್ನು ಕಾದು ನಿಂತವರೆಲ್ಲರ ಎದುರಿಗೇ ಅಂಗೈಯಿಂದ ಒರೆಸಿದಳು.